ಚೀಟಿಯಲ್ಲಿ ಬರೆಯದೇ ಉಳಿದ ಮಾತ್ರೆ: ಕುಡಿತದಿಂದ ಕೆಟ್ಟ ಲಿವರ್‌ಗೆ ಔಷಧವೇನು?

ಪ್ರಶ್ನೆ: ನನ್ನ ಗಂಡನಿಗೆ 44 ವರ್ಷ. ಹದಿನೆಂಟು ವರ್ಷಗಳಿಂದ ಕುಡಿಯುತ್ತಿದ್ದರು, ಕೊನೆಯ ನಾಲ್ಕೈದು ವರ್ಷ ದಿನವೂ. ಹತ್ತು ವಾರದ ಹಿಂದೆ ಕಾಮಾಲೆಯಾಗಿ, ಹೊಟ್ಟೆ ಉಬ್ಬಿ ಆಸ್ಪತ್ರೆಗೆ ಸೇರಿಸಿದೆವು. ಕಾಮಾಲೆ ಎಷ್ಟಿದೆಯೆಂದು ತೋರಿಸುವ ಬಿಲಿರುಬಿನ್ 18 ಇತ್ತು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಪ್ರೋಥ್ರೊಂಬಿನ್ ಸಮಯ 19 ಸೆಕೆಂಡ್, ಸರಿಯಾದದ್ದು 13 ಎಂದು ವರದಿಯಲ್ಲಿದೆ. ‘ಆಲ್ಕೊಹಾಲಿಕ್ ಹೆಪಟೈಟಿಸ್, ಜೊತೆಗೆ ಲಿವರ್ ಗಟ್ಟಿಯಾಗುವ ಸಿರೋಸಿಸ್ ಕೂಡ ಇದೆ’ ಎಂದರು. 28 ದಿನ ಸ್ಟೀರಾಯ್ಡ್ ಕೊಡುತ್ತೇವೆ ಅಂದವರು ಎಂಟನೇ ದಿನ ನಿಲ್ಲಿಸಿಬಿಟ್ಟರು. ಕೈಬಿಟ್ಟರೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ. ಈಗ ಮನೆಯಲ್ಲಿದ್ದಾರೆ, ಕುಡಿದಿಲ್ಲ. ಬಿಲಿರುಬಿನ್ 5ಕ್ಕೆ ಇಳಿದಿದೆ. ನೀರು ಹೋಗುವ ಎರಡು ಮಾತ್ರೆ, ಕಾರ್ವೆಡಿಲೋಲ್, ಲ್ಯಾಕ್ಟುಲೋಸ್ ಸಿರಪ್, ಥಯಮಿನ್, ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್, ಸಿಲಿಮರಿನ್ ಇರುವ ಲಿವರ್ ಟಾನಿಕ್ ಕೊಟ್ಟಿದ್ದಾರೆ. ಇಷ್ಟರಲ್ಲಿ ಲಿವರ್ ಸರಿಮಾಡುವುದು ಯಾವುದು? ಸಿರಪ್‌ನಿಂದ ಭೇದಿಯಾಗುತ್ತದೆ ಎಂದು ನಾನೇ ನಿಲ್ಲಿಸಿದ್ದೇನೆ. ಸಂಜೆಯಾದರೆ ಚಡಪಡಿಸುತ್ತಾರೆ. ‘ಹುಷಾರಾದ ಮೇಲೆ ಬರೀ ಬಿಯರ್’ ಎನ್ನುತ್ತಾರೆ. ಕುಡಿತ ಬಿಡಿಸುವ ಮಾತ್ರೆ ಸಿಗುತ್ತದೆ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಕೊಡು ಎಂದು ಸಂಬಂಧಿಕರೊಬ್ಬರು ಹೇಳಿದ್ದಾರೆ. ಬೆರೆಸಲೇ?

ಉತ್ತರ: ಬೆರೆಸಬೇಡಿ. ಕಾರಣವನ್ನು ಆಮೇಲೆ ವಿವರವಾಗಿ ಹೇಳುತ್ತೇನೆ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಅಂಥದ್ದೇನಾದರೂ ನಡೆದುಹೋದೀತೆಂದು ಇದನ್ನು ಮೊದಲು ಬರೆದೆ. ಎರಡನೆಯದಾಗಿ, ನಿಲ್ಲಿಸಿದ ಸಿರಪ್ಪನ್ನು ಇವತ್ತೇ ಮತ್ತೆ ಶುರುಮಾಡಿ, ಅಳತೆ ಸ್ವಲ್ಪ ಕಡಿಮೆ ಮಾಡಿ. ಅದಕ್ಕೂ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೈಬಿಟ್ಟರೇನೋ’ ಎಂಬ ಮಾತು. ಹತ್ತು ವಾರ ಈ ಗುಮಾನಿಯನ್ನು ಹೊತ್ತುಕೊಂಡೇ ಅವರ ಆರೈಕೆ ಮಾಡಿದ್ದೀರಿ. ಎಂಟನೇ ದಿನ ಏನಾಯಿತೆಂದು ಯಾರೂ ನಿಮ್ಮನ್ನು ಕೂರಿಸಿ ಹೇಳಲಿಲ್ಲವೆಂದು ಕಾಣುತ್ತದೆ. ಅಲ್ಲಿಂದಲೇ ಶುರುಮಾಡೋಣ.

ಆಲ್ಕೊಹಾಲನ್ನು ಲಿವರ್ ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಅದು ಜೀವಕೋಶಗಳನ್ನು ನೇರವಾಗಿಯೇ ಹಾಳುಮಾಡುತ್ತದೆ. ಇನ್ನೊಂದು ಕಡೆ, ವರ್ಷಗಟ್ಟಲೆ ಕುಡಿದವರ ಕರುಳಿನ ಗೋಡೆ ಸೋರತೊಡಗುತ್ತದೆ. ಅಲ್ಲಿಯ ಬ್ಯಾಕ್ಟೀರಿಯಾಗಳ ಚೂರುಪಾರು ರಕ್ತದ ಜೊತೆ ಲಿವರಿಗೆ ಬಂದು ಬೀಳುತ್ತವೆ. ಲಿವರಿನೊಳಗಿನ ಕಾವಲು ಕೋಶಗಳು ಇವನ್ನು ಕಂಡು ಕೆರಳುತ್ತವೆ. ಕಳ್ಳನನ್ನು ಹಿಡಿಯಲು ಹೋಗಿ ಮನೆಗೇ ಬೆಂಕಿ ಹಚ್ಚಿದ ಹಾಗೆ, ಆ ಕದನದಲ್ಲಿ ಸುಟ್ಟುಹೋಗುವುದು ಲಿವರೇ. ಇದೇ ಆಲ್ಕೊಹಾಲಿಕ್ ಹೆಪಟೈಟಿಸ್. ಕುಡಿತ ನಿಲ್ಲಿಸಿದ ಮೇಲೂ ಕೆಲವು ವಾರ ಕಾಮಾಲೆ ಏರುತ್ತಲೇ ಇರುವುದು ಇದರಿಂದ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಈ ಉರಿಯನ್ನು ತಣಿಸಲು ಕೊಡುವ ಔಷಧ. ಲಿವರನ್ನು ಅದು ಕಟ್ಟಿಕೊಡುವುದಿಲ್ಲ.

ಅದನ್ನು ಎಲ್ಲರಿಗೂ ಕೊಡುವುದೂ ಇಲ್ಲ. ರೋಗಿಯ ಪ್ರೋಥ್ರೊಂಬಿನ್ ಸಮಯ ಸರಿಯಾದ ಸಮಯಕ್ಕಿಂತ ಎಷ್ಟು ಸೆಕೆಂಡ್ ಹೆಚ್ಚಿದೆ ಎಂದು ನೋಡಿ, ಅದನ್ನು 4.6ರಿಂದ ಗುಣಿಸಿ, ಬಿಲಿರುಬಿನ್ ಅಂಕಿಯನ್ನು ಕೂಡಿಸುತ್ತೇವೆ. ನಿಮ್ಮವರ ಲೆಕ್ಕ ಹೀಗೆ: 6 ಸೆಕೆಂಡ್ ಹೆಚ್ಚು, 27.6 ಆಯಿತು, 18 ಕೂಡಿಸಿದರೆ 45.6. ಇದನ್ನು ಮ್ಯಾಡ್ರಿ ಅಂಕ ಎನ್ನುತ್ತಾರೆ. 32 ದಾಟಿದರೆ ಕಾಯಿಲೆ ತೀವ್ರ. ಸ್ಟೀರಾಯ್ಡ್ ಬಗ್ಗೆ ಯೋಚಿಸುವುದು ಅಂಥವರಲ್ಲಿ ಮಾತ್ರ. ಅದೂ ಮೈಯಲ್ಲಿ ಹತೋಟಿಗೆ ಬಾರದ ಸೋಂಕಿಲ್ಲ, ಹೊಟ್ಟೆಯೊಳಗೆ ರಕ್ತಸ್ರಾವವಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಹಾಗಾಗಿ ನಿಮ್ಮ ವೈದ್ಯರು ಶುರುಮಾಡಿದ್ದು ಸರಿಯಾಗಿಯೇ ಇತ್ತು.

ನಿಲ್ಲಿಸಿದ್ದೂ ಸರಿ. ಏಳನೇ ದಿನ ಮತ್ತೆ ರಕ್ತ ಪರೀಕ್ಷಿಸಿ ಲೀಲ್ ಸ್ಕೋರ್ ಎಂಬ ಇನ್ನೊಂದು ಲೆಕ್ಕ ಹಾಕುತ್ತೇವೆ. ಮೊದಲ ದಿನಕ್ಕೂ ಏಳನೇ ದಿನಕ್ಕೂ ಬಿಲಿರುಬಿನ್ ಎಷ್ಟು ಇಳಿಯಿತು ಎಂಬುದು ಅದರ ಜೀವಾಳ. ಆ ಸ್ಕೋರ್ 0.45ಕ್ಕಿಂತ ಹೆಚ್ಚಿದ್ದರೆ ಮಾತ್ರೆ ಹಿಡಿದಿಲ್ಲ ಎಂದರ್ಥ. ಹಿಡಿಯದ ಸ್ಟೀರಾಯ್ಡನ್ನು ಇನ್ನೂ ಮೂರು ವಾರ ಕೊಟ್ಟರೆ ಲಾಭ ಸಿಗುವುದಿಲ್ಲ, ಸೋಂಕಿಗೆ ಬಾಗಿಲು ಮಾತ್ರ ತೆರೆದೇ ಇರುತ್ತದೆ. ಈ ಕಾಯಿಲೆಯಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಸೋಂಕು. 2015ರಲ್ಲಿ ಪ್ರಕಟವಾದ ಸ್ಟೋಪಾ ಎಂಬ ಬ್ರಿಟಿಷ್ ಅಧ್ಯಯನದಲ್ಲಿ ಸುಮಾರು 1,100 ರೋಗಿಗಳಿದ್ದರು. ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಗಂಭೀರ ಸೋಂಕು 13% ಮಂದಿಗೆ ಬಂತು, ತೆಗೆದುಕೊಳ್ಳದವರಲ್ಲಿ 7%. ಮೊದಲ ತಿಂಗಳು ಬದುಕುಳಿದವರ ಸಂಖ್ಯೆ ಸ್ಟೀರಾಯ್ಡ್ ಗುಂಪಿನಲ್ಲಿ ಕೊಂಚ ಹೆಚ್ಚಿದಂತೆ ಕಂಡರೂ, ಮೂರು ತಿಂಗಳ ಹೊತ್ತಿಗೆ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ನಾವು ಬಹಳ ವರ್ಷ ನಂಬಿಕೊಂಡು ಬರೆಯುತ್ತಿದ್ದ ಪೆಂಟಾಕ್ಸಿಫಿಲಿನ್ ಮಾತ್ರೆಗೆ ಅದೇ ಅಧ್ಯಯನ ಬೀಳ್ಕೊಡುಗೆ ಕೊಟ್ಟಿತು.

ಆ ವಾರ ನಿಮಗೆ ಹೇಳದೇ ಉಳಿದ ಇನ್ನೊಂದು ಸತ್ಯವಿದೆ. ಸ್ಟೀರಾಯ್ಡ್ ಹಿಡಿಯದ ರೋಗಿಗಳಲ್ಲಿ ಹೆಚ್ಚಿನವರು ಆರು ತಿಂಗಳು ದಾಟುವುದಿಲ್ಲ. ನಿಮ್ಮವರು ಹತ್ತು ವಾರ ದಾಟಿದ್ದಾರೆ, ಬಿಲಿರುಬಿನ್ 18ರಿಂದ 5ಕ್ಕೆ ಬಂದಿದೆ. ಇದನ್ನು ಮಾಡಿದ ಮಾತ್ರೆ ಯಾವುದೂ ಇಲ್ಲ. ಹತ್ತು ವಾರ ಗಂಟಲಿಗೆ ಹನಿ ಇಳಿಯದಿದ್ದುದು, ಹೊಟ್ಟೆಗೆ ಅನ್ನ ಬಿದ್ದುದು, ಇವು ಮಾಡಿದ ಕೆಲಸ ಅದು.

ಈಗ ನಿಮ್ಮ ಕೈಯಲ್ಲಿರುವ ಚೀಟಿ. ‘ಲಿವರ್ ಸರಿಮಾಡುವುದು ಯಾವುದು?’ ಎಂಬ ಪ್ರಶ್ನೆಗೆ ನೇರ ಉತ್ತರ: ಒಂದೂ ಇಲ್ಲ. ಕೆಟ್ಟ ಲಿವರಿನಿಂದ ಬರುವ ಅಪಾಯಗಳನ್ನು ದೂರ ಇಡುವ ಮಾತ್ರೆಗಳು ಅದರಲ್ಲಿವೆ. ಅವು ಅವರಿಗೆ ಅತ್ಯಗತ್ಯ. ಸುಮ್ಮನೆ ಜಾಗ ಹಿಡಿದುಕೊಂಡಿರುವವೂ ಇವೆ.

ಅತ್ಯಗತ್ಯವಾದವುಗಳಲ್ಲಿ ಮೊದಲನೆಯದು ನೀವು ನಿಲ್ಲಿಸಿದ ಲ್ಯಾಕ್ಟುಲೋಸ್. ಲಿವರ್ ಸೋತಾಗ ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮುಂತಾದ ಕಲ್ಮಶಗಳು ಸೋಸಿ ಹೋಗದೆ ಮಿದುಳಿಗೆ ತಲುಪುತ್ತವೆ. ಮಂಪರು, ಗೊಂದಲ, ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ಚಾಚಿದರೆ ರೆಕ್ಕೆ ಬಡಿದಂತೆ ಅದುರುವುದು, ಎಲ್ಲ ಅದರಿಂದಲೇ. ಸಿರಪ್ ಅವನ್ನು ಮಲದ ಜೊತೆ ಹೊರಹಾಕುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕು, ಅಷ್ಟೇ. ಐದಾರು ಸಲ ನೀರಾಗಿ ಹೋದರೆ ಅಳತೆ ಹೆಚ್ಚಾಗಿದೆ. ಕಡಿಮೆ ಮಾಡಬೇಕು, ಬಿಡಬಾರದು. ಭೇದಿಯಿಂದ ಮೈಯ ನೀರು ಬತ್ತಿದರೂ ಮಂಪರು ಬರುತ್ತದೆ, ಮಲ ಕಟ್ಟಿದರೂ ಬರುತ್ತದೆ. ಮೆತ್ತಗೆ ಹೋಗುವುದನ್ನೇ ‘ಭೇದಿ’ ಎಂದುಕೊಂಡು ಮನೆಯವರು ಸಿರಪ್ ನಿಲ್ಲಿಸಿ, ಮೂರನೇ ದಿನ ರೋಗಿಯನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಹೊತ್ತು ತರುವುದು ನನ್ನ ವಾರ್ಡಿನಲ್ಲಿ ಹೊಸದೇನಲ್ಲ. ತಪ್ಪು ಅವರದ್ದಲ್ಲ. ಎಷ್ಟು ಸಲ ಹೋಗಬೇಕೆಂದು ನಾವು ಹೇಳಿಕೊಡಲಿಲ್ಲ.

ನೀರು ಹೋಗುವ ಮಾತ್ರೆಗಳು ಸ್ಪೈರೊನೊಲ್ಯಾಕ್ಟೋನ್ ಮತ್ತು ಫ್ಯೂರೊಸೆಮೈಡ್ ಇರಬೇಕು. ಸಾಮಾನ್ಯವಾಗಿ 100 ಮಿಲಿಗ್ರಾಂಗೆ 40ರ ಪ್ರಮಾಣದಲ್ಲಿ ಜೋಡಿಸುತ್ತೇವೆ. ಉಪ್ಪು ಕಡಿಮೆ ಮಾಡದಿದ್ದರೆ ಇವು ಹೆಚ್ಚು ಕೆಲಸ ಮಾಡವು. ಇವನ್ನು ತಿನ್ನುವಷ್ಟು ಕಾಲ ರಕ್ತದಲ್ಲಿ ಸೋಡಿಯಂ, ಪೊಟ್ಯಾಷಿಯಂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಆಗಾಗ ನೋಡಿಸುತ್ತಿರಬೇಕು. ಕಾರ್ವೆಡಿಲೋಲ್ ಬಿಪಿ ಮಾತ್ರೆ ಎಂದು ಚೀಟಿ ಓದಿದವರು ಹೇಳಬಹುದು, ‘ನಿಮ್ಮವರಿಗೆ ಬಿಪಿ ಇಲ್ಲವಲ್ಲ’ ಎಂದು ಹೆದರಿಸಲೂಬಹುದು. ಗಟ್ಟಿಯಾದ ಲಿವರಿನ ಹಿಂದೆ ರಕ್ತದ ಒತ್ತಡ ಏರಿ ಅನ್ನನಾಳದ ರಕ್ತನಾಳಗಳು ಉಬ್ಬಿರುತ್ತವೆ. ಅವು ಒಡೆಯದಿರಲಿ ಎಂದು ಕೊಟ್ಟದ್ದು ಅದು. ಥಯಮಿನ್ ಅಂದರೆ ಬಿ1 ಜೀವಸತ್ವ. ಕುಡಿತ ಅದನ್ನು ಮೈಯಿಂದ ಬರಿದು ಮಾಡಿರುತ್ತದೆ, ಕೊರತೆಯಾದರೆ ಮಿದುಳಿಗೆ ಪೆಟ್ಟು. ಮುಂದುವರಿಸಿ.

ಉಳಿದ ಎರಡರ ಬಗ್ಗೆ ನನ್ನ ಅಭಿಪ್ರಾಯ ನಿಮ್ಮ ವೈದ್ಯರಿಗೆ ಹಿಡಿಸದೇ ಇರಬಹುದು. ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಪಿತ್ತನಾಳಗಳ ಕೆಲವು ಕಾಯಿಲೆಗಳಿಗೆ ಒಳ್ಳೆಯ ಔಷಧ. ಕುಡಿತದ ಲಿವರಿಗೆ ಅದರಿಂದ ಉಪಯೋಗವಿದೆಯೆಂದು ಸಾಬೀತಾಗಿಲ್ಲ. ಸಿಲಿಮರಿನ್ ವಿಷಯದಲ್ಲಿ 1989ರ ಅಧ್ಯಯನವೊಂದು ಆಸೆ ಹುಟ್ಟಿಸಿತ್ತು. 1998ರಲ್ಲಿ ಕುಡಿತದ ಸಿರೋಸಿಸ್ ಇರುವ 200 ಮಂದಿಯ ಮೇಲೆ ನಡೆದ ಇನ್ನೊಂದರಲ್ಲಿ ಅದು ಆಯುಸ್ಸು ಹೆಚ್ಚಿಸಲಿಲ್ಲ. ಹಾಗಿದ್ದೂ ಯಾಕೆ ಬರೆಯುತ್ತಾರೆ? ನಾನೂ ಬರೆದಿದ್ದೇನೆ, ಆದ್ದರಿಂದ ಉತ್ತರ ಗೊತ್ತು. ‘ಲಿವರಿಗೆ ಏನೂ ಕೊಡಲಿಲ್ಲವೇ?’ ಎಂದು ಕೇಳುವವರ ಮುಂದೆ ಬರಿಗೈ ತೋರಿಸುವುದು ಕಷ್ಟ. ಕೆಡುಕು ಕಡಿಮೆ, ಖರ್ಚು ಹೊರೆಯೆನಿಸದಿದ್ದರೆ ಜಗಳವಾಡಬೇಕಾಗಿಲ್ಲ. ಆದರೆ ಟಾನಿಕ್ ಕುಡಿಯುತ್ತಿದ್ದೇನಲ್ಲ, ಲಿವರ್ ಕಾಯುತ್ತದೆ ಎಂಬ ಭಂಡಧೈರ್ಯ ಅದರ ಜೊತೆಗೇ ಬಂದರೆ, ಆ ಬಾಟಲಿಯೇ ಅಪಾಯ. ‘ಲಿವರ್ ತೊಳೆಯುವ’ ಬೇರುನಾರಿನ ಪುಡಿಗಳನ್ನಂತೂ ತರಲೇಬೇಡಿ. ಒಳಗೆ ಏನಿದೆಯೆಂದು ಬರೆದಿರದ ಪುಡಿಗಳಿಂದಲೇ ಲಿವರ್ ಸೋತು ಬಂದವರನ್ನು ನೋಡಿದ್ದೇನೆ.

ಲಿವರ್ ತಾನಾಗಿ ಸರಿಹೋಗುವುದಿಲ್ಲವೇ ಎಂದರೆ, ಹೋಗುತ್ತದೆ, ಸಮಯ ಸಿಕ್ಕರೆ. ಕೊಬ್ಬು ತುಂಬಿದ ಲಿವರ್ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಮೊದಲಿನಂತಾಗುತ್ತದೆ. ಗಾಯದ ಕಲೆಗಳು ಕಟ್ಟಿದ ಸಿರೋಸಿಸ್ ಪೂರ್ತಿ ಮಾಯವಾಗುವುದು ಅಪರೂಪ. ಆದರೂ ಕುಡಿತ ಬಿಟ್ಟವರಲ್ಲಿ ಹೊಟ್ಟೆಯ ನೀರು ಬತ್ತಿ, ಕಾಮಾಲೆ ಇಳಿದು, ಮಾತ್ರೆಗಳ ಸಂಖ್ಯೆ ತಗ್ಗಿ, ವರ್ಷಗಟ್ಟಲೆ ದುಡಿದುಕೊಂಡು ಓಡಾಡುತ್ತಿರುವವರು ನನ್ನ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ.

ಹಾಗಾದರೆ ಅವರನ್ನು ಬದುಕಿಸುವ ಔಷಧವೆಂದರೆ ಕುಡಿಯದಂತೆ ತಡೆಯುವ ಔಷಧ. ಅದೇ ನಿಮ್ಮ ಚೀಟಿಯಲ್ಲಿಲ್ಲ. ಏಳು ಔಷಧ ಬರೆದವರು ಎಂಟನೆಯದನ್ನು ಬರೆದಿಲ್ಲ. ಅವರೊಬ್ಬರನ್ನು ದೂರಲಾರೆ. ಲಿವರ್ ವೈದ್ಯರಾದ ನಾವು ‘ಇನ್ನು ಕುಡಿಯಬಾರದು’ ಎಂದು ಗದರಿಸಿ ಕಳಿಸುವುದನ್ನೇ ಚಿಕಿತ್ಸೆ ಎಂದುಕೊಂಡು ಬಹಳ ಕಾಲ ಕಳೆದೆವು. ಕುಡಿತ ಮನೋವೈದ್ಯರ ಪಾಲು, ಲಿವರ್ ನಮ್ಮ ಪಾಲು ಎಂದು ಹಂಚಿಕೊಂಡೆವು. ಎರಡೂ ಇರುವುದು ಒಂದೇ ಮೈಯಲ್ಲಿ ಎಂಬುದು ನಮ್ಮಿಬ್ಬರಿಗೂ ಮರೆತುಹೋಗಿತ್ತು. ಸಂಜೆಯ ಆ ಚಡಪಡಿಕೆ ಹಟವೂ ಅಲ್ಲ, ನಿಮ್ಮ ಮೇಲಿನ ಪ್ರೀತಿ ಕಡಿಮೆಯಾದದ್ದೂ ಅಲ್ಲ. ಹದಿನೆಂಟು ವರ್ಷ ಆಲ್ಕೊಹಾಲಿಗೆ ಒಗ್ಗಿಕೊಂಡ ಮಿದುಳು ಹೊತ್ತಿಗೆ ಸರಿಯಾಗಿ ಅದನ್ನು ಕೇಳುತ್ತಿದೆ. ಅದನ್ನು ತಗ್ಗಿಸುವ ಔಷಧಗಳಿವೆ. ಯಾವುದು ಎಂಬುದು ಮಾತ್ರ ಅವರ ಲಿವರ್, ಕಿಡ್ನಿ, ಮಿದುಳು ಮೂರನ್ನೂ ನೋಡಿ ತೀರ್ಮಾನಿಸಬೇಕು.

ಅಕಾಂಪ್ರೊಸೇಟ್ ಲಿವರಿನಲ್ಲಿ ಕರಗುವುದಿಲ್ಲ, ಕಿಡ್ನಿಯ ಮೂಲಕ ಹೋಗುತ್ತದೆ. ಹಾಗಾಗಿ ಲಿವರ್ ರೋಗಿಗಳಲ್ಲಿ ಮೊದಲು ನೆನಪಾಗುವುದು ಇದು. ಕ್ರಿಯಾಟಿನಿನ್ ಸರಿಯಿರಬೇಕು, ಕಿಡ್ನಿಯ ಶಕ್ತಿ ಅರ್ಧಕ್ಕಿಳಿದಿದ್ದರೆ ಅಳತೆ ಇಳಿಸಬೇಕು, ತೀರಾ ಸೋತಿದ್ದರೆ ಕೊಡುವಂತಿಲ್ಲ. ದಿನಕ್ಕೆ ಮೂರು ಹೊತ್ತು ನುಂಗಬೇಕಾದದ್ದು ಇದರ ಕಿರಿಕಿರಿ. ತೀರಾ ಸೋತ ಲಿವರಿನಲ್ಲಿ ಇದನ್ನು ಬಳಸಿದ ಅನುಭವ ಕಡಿಮೆ, ಆ ಹಂತದಲ್ಲಿ ವೈದ್ಯರು ಅಳೆದು ತೂಗುತ್ತಾರೆ.

ಬ್ಯಾಕ್ಲೋಫೆನ್ ಮೂಲದಲ್ಲಿ ಸ್ನಾಯು ಸಡಿಲಿಸುವ ಮಾತ್ರೆ. ಸಿರೋಸಿಸ್ ಇರುವವರ ಮೇಲೆಯೇ ಪರೀಕ್ಷಿಸಿ ನೋಡಿದ ಕುಡಿತದ ಔಷಧ ಎಂಬುದು ಇದರ ಹೆಚ್ಚುಗಾರಿಕೆ. 2007ರಲ್ಲಿ ಇಟಲಿಯಿಂದ ಬಂದ ಆ ಅಧ್ಯಯನದಲ್ಲಿ 84 ಮಂದಿಯಿದ್ದರು. 12 ವಾರ ಮಾತ್ರೆ ತೆಗೆದುಕೊಂಡವರಲ್ಲಿ 71% ಕುಡಿತ ಬಿಟ್ಟೇ ಇದ್ದರು, ಔಷಧವಿಲ್ಲದ ಖಾಲಿ ಮಾತ್ರೆ ಪಡೆದವರಲ್ಲಿ 29%. ಆಮೇಲಿನ ಎಲ್ಲ ಅಧ್ಯಯನಗಳೂ ಇಷ್ಟು ಒಳ್ಳೆಯ ಸುದ್ದಿ ತರಲಿಲ್ಲ. ಇದರ ತೊಡಕು, ಮಂಪರು ತರುತ್ತದೆ. ಆ ಅಧ್ಯಯನದಲ್ಲಿ ಮಂಪರಿನ ಲಕ್ಷಣ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ನಿಮ್ಮವರಿಗೆ ಲ್ಯಾಕ್ಟುಲೋಸ್ ಕೊಟ್ಟಿರುವುದನ್ನು ನೋಡಿದರೆ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ಗೊಂದಲ ಕಂಡಿರಬೇಕು. ಹಾಗಿದ್ದರೆ ಇದನ್ನು ನಾನು ಮುಟ್ಟುವುದಿಲ್ಲ.

ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಸುಖವನ್ನೇ ಮಂಕಾಗಿಸುತ್ತದೆ. ಇದು ಲಿವರ್ ಕೆಡಿಸುತ್ತದೆ ಎಂಬ ಹೆದರಿಕೆ ಹುಟ್ಟಿದ್ದು ಸಾಮಾನ್ಯ ಅಳತೆಯಾದ 50 ಮಿಲಿಗ್ರಾಂಗಿಂತ ಹಲವು ಪಟ್ಟು ಹೆಚ್ಚು ಕೊಟ್ಟ ಹಳೆಯ ಪ್ರಯೋಗಗಳಿಂದ. ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಪೆಟ್ಟಿಗೆಯ ಮೇಲಿನ ಆ ಕಟ್ಟೆಚ್ಚರಿಕೆಯನ್ನು ತೆಗೆಸಿದರು. ಲಿವರ್ ಕೆಲಸ ಮಾಡುತ್ತಿರುವವರಿಗೆ ಒಳ್ಳೆಯ ಆಯ್ಕೆ. ಬಿಲಿರುಬಿನ್ 5, ಹೊಟ್ಟೆಯಲ್ಲಿ ನೀರು ಇರುವಾಗ ಬೇಡ. ಆರು ತಿಂಗಳಾದ ಮೇಲೆ ಲಿವರ್ ಚೇತರಿಸಿಕೊಂಡಿದ್ದರೆ ಮತ್ತೆ ಯೋಚಿಸಬಹುದು.

ಅಂದರೆ ಮುಂದಿನ ಭೇಟಿಯಲ್ಲಿ ಕೇಳಬೇಕಾದದ್ದು: ‘ಇವರ ಕ್ರಿಯಾಟಿನಿನ್ ಎಷ್ಟಿದೆ, ಅಕಾಂಪ್ರೊಸೇಟ್ ಕೊಡಬಹುದೇ, ಆಪ್ತಸಮಾಲೋಚಕರ ಹತ್ತಿರ ಕಳಿಸುತ್ತೀರಾ?’ ಮಾತ್ರೆಯೊಂದೇ ಸಾಲದು. ಮಾತುಕತೆಯ ಚಿಕಿತ್ಸೆ ಜೊತೆಗಿದ್ದಾಗ ಈ ಔಷಧಗಳು ಹೆಚ್ಚು ಹಿಡಿಯುತ್ತವೆ.

ಈಗ ಊಟದಲ್ಲಿ ಬೆರೆಸುವ ಮಾತ್ರೆ. ಅದು ಬಹುತೇಕ ಡೈಸಲ್ಫಿರಾಮ್. ಇದರ ಹುಟ್ಟಿನ ಕತೆ ವಿಚಿತ್ರ. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಜಂತುಹುಳುವಿಗೆ ಔಷಧವಾದೀತೆಂದು ಇದನ್ನು ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಕುಡಿದಾಗಲೆಲ್ಲ ಇಬ್ಬರಿಗೂ ಮುಖ ಕೆಂಪೇರಿ ಮೈ ಕೆಟ್ಟಿತು. ಅಸಿಟಾಲ್ಡಿಹೈಡನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಆಗ ಒಂದು ಗುಟುಕಿಗೂ ವಾಂತಿ, ಎದೆಬಡಿತ, ಬಿಪಿ ಕುಸಿತ. ತಿಳಿದು, ಒಪ್ಪಿ ನುಂಗುವವನಿಗೆ ಆ ಹೆದರಿಕೆಯೇ ಔಷಧ. ತಿಳಿಯದವನು ಕುಡಿಯುತ್ತಾನೆ. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಮೊದಲೇ ಸೋತ ಮೈ, ಉಬ್ಬಿದ ರಕ್ತನಾಳ, ಜೊತೆಗೆ ಕಾರ್ವೆಡಿಲೋಲ್. ಅಂಥವರ ಬಿಪಿ ಕುಸಿದರೆ, ವಾಂತಿಯ ರಭಸಕ್ಕೆ ರಕ್ತಸ್ರಾವವಾದರೆ ಉಳಿಸಿಕೊಳ್ಳುವುದು ಕಷ್ಟ. ಸಾಲದ್ದಕ್ಕೆ ಡೈಸಲ್ಫಿರಾಮ್ ತಾನೇ ತೀವ್ರ ಹೆಪಟೈಟಿಸ್ ತರಬಲ್ಲದು. ಲಿವರ್ ಕೆಟ್ಟವರಿಗೆ, ಅವರೇ ಕೇಳಿ ಪಡೆದರೂ, ನಾವು ಕೊಡುವುದಿಲ್ಲ. ಇನ್ನೊಂದು ಮಾತು: ಇದು ಬಯಲಾದ ದಿನ ಅವರು ನಿಮ್ಮ ಕೈಯ ಊಟವನ್ನೂ ಶಂಕಿಸುತ್ತಾರೆ, ಉಳಿದ ಏಳು ಔಷಧಗಳನ್ನೂ ಬಿಡುತ್ತಾರೆ.

ಬಿಯರ್ ವಿಷಯಕ್ಕೆ ಗಣಿತ ಸಾಕು. 5% ಇರುವ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ ಆಲ್ಕೊಹಾಲ್ ಇರುತ್ತದೆ. 40% ಇರುವ ಮದ್ಯದ 60 ಮಿಲಿಲೀಟರಿನಲ್ಲಿ ಸುಮಾರು 19 ಗ್ರಾಂ. ಲಿವರಿಗೆ ಬಾಟಲಿಯ ಮೇಲಿನ ಹೆಸರು ಓದಲು ಬರುವುದಿಲ್ಲ. ಅವರ ಸ್ಥಿತಿಯಲ್ಲಿ ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಅಳತೆಯಿಲ್ಲ. ಅಕಸ್ಮಾತ್ ಮತ್ತೆ ಕುಡಿತ ಶುರುವಾಗಿ ಕೆಲವು ದಿನ ನಡೆದುಬಿಟ್ಟರೆ, ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಒಂದೆರಡು ದಿನದೊಳಗೆ ಫಿಟ್ಸ್, ಎರಡು ಮೂರನೇ ದಿನ ಸನ್ನಿ ಬರಬಹುದು. ಆಸ್ಪತ್ರೆಗೆ ಕರೆದೊಯ್ಯಿರಿ. ನಡೆದದ್ದನ್ನು ಮುಚ್ಚಿಡದೆ ಹೇಳಿ.

ಊಟದ ಬಗ್ಗೆ ಒಂದು ಹಳೆಯ ತಪ್ಪು ಇನ್ನೂ ಜೀವಂತವಾಗಿದೆ: ಲಿವರ್ ರೋಗಿಗೆ ಪ್ರೊಟೀನ್ ಕೊಡಬಾರದು ಎಂಬುದು. ಇವರ ತೋಳು ತೊಡೆ ಕರಗಿಹೋಗಿರುವುದನ್ನು ನೀವೇ ನೋಡಿರುತ್ತೀರಿ. ಸ್ನಾಯುವೂ ಅಮೋನಿಯಾವನ್ನು ಹೀರಿಕೊಳ್ಳುತ್ತದೆ, ಅದು ಕರಗಿದಷ್ಟೂ ಮಂಪರು ಹೆಚ್ಚು. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ಹೊಟ್ಟೆಯ ನೀರಿನ ಭಾರ ಬಿಟ್ಟು ಲೆಕ್ಕ ಹಾಕಿ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿಸಿ. ಇವರ ಲಿವರಿನಲ್ಲಿ ಸಕ್ಕರೆಯ ದಾಸ್ತಾನಿಲ್ಲ, ರಾತ್ರಿಯ ಉಪವಾಸಕ್ಕೇ ಮೈ ಸ್ನಾಯುವನ್ನು ಕರಗಿಸತೊಡಗುತ್ತದೆ. ಮೈಕೈ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ, ಕಿಡ್ನಿ ಕೈಕೊಡುತ್ತದೆ. ಎಲ್ಲರೂ ಹೆದರುವ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ, ಅವಕ್ಕಿಂತ ಸುರಕ್ಷಿತ.

ನೀವು ಕೇಳದ ಒಂದು ವಿಷಯ ಲಿವರ್ ಕಸಿ. ಮೂರು ತಿಂಗಳು ಕುಡಿಯದೇ ಇದ್ದೂ ಕಾಮಾಲೆ, ನೀರು ಹಾಗೆಯೇ ಉಳಿದರೆ ಕಸಿ ಮಾಡುವ ಕೇಂದ್ರಕ್ಕೆ ಒಮ್ಮೆ ತೋರಿಸುವುದು ಒಳ್ಳೆಯದು. ‘ಆರು ತಿಂಗಳು ಬಿಟ್ಟಿರಲೇಬೇಕು’ ಎಂಬ ಹಳೆಯ ಕಟ್ಟುಪಾಡು ಸಡಿಲಗೊಂಡಿದೆ. ಸ್ಟೀರಾಯ್ಡ್ ಹಿಡಿಯದ ತೀವ್ರ ಹೆಪಟೈಟಿಸ್ ರೋಗಿಗಳಲ್ಲಿ ಆಯ್ದ 26 ಮಂದಿಗೆ ಬೇಗನೆ ಕಸಿ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ 77% ಬದುಕಿದ್ದರು, ಕಸಿಯಾಗದ ಅಂಥದೇ ರೋಗಿಗಳಲ್ಲಿ 23%. ನಿಮ್ಮವರ ಬಿಲಿರುಬಿನ್ ಇಳಿಯುತ್ತಿರುವುದರಿಂದ ಅವಸರವಿಲ್ಲ, ಮಾತು ಕಿವಿಯ ಮೇಲಿರಲಿ. ಸಿರೋಸಿಸ್ ಇರುವುದರಿಂದ ಗೆಡ್ಡೆ ಬೆಳೆಯುತ್ತಿಲ್ಲವೆಂದು ನೋಡಲು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾತ್ರ ತಪ್ಪಿಸಬೇಡಿ.

ಜ್ವರ ಬಂದರೆ, ಹೊಟ್ಟೆ ನೋಯತೊಡಗಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ಹಗಲು ಎಬ್ಬಿಸಿದರೂ ಏಳದಂತಾದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಹೊರಡಿ. ಚೀಟಿಯನ್ನೂ ಹಳೆಯ ರಕ್ತ ವರದಿಗಳನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರವೇ ಇಟ್ಟಿರಿ.